ಯೂರೋಪಿನ ರಾಸಾಯನಿಕ ಕಟ್ಟಳೆ: ಸುದ್ದಿ ತೋಟದವರೆಗೂ ಬರಲಿ

ಹೂಮಳೆ ಬಿತ್ತೇ, ಬ್ಯಾಕಿಂಗ್ ಮಳೆ ಆಯಿತೇ, ಕೊಳೆರೋಗಕ್ಕೆ ಎರಡನೆಯ ಸಲ ಮದ್ದು ಹೊಡೆದಾಯಿತೇ, ಪೇಟೆಯಲ್ಲಿ ಧಾರಣೆ ಎಷ್ಟು – ಬೆಳೆಗಾರರಿಬ್ಬರು ಕೂಡಿದಲ್ಲಿ ಈ ಮಾತುಗಳು ತಾವಾಗಿಯೇ ಬರುತ್ತವೆ. ಯೂರೋಪಿನಲ್ಲಿ ಯಾವ ರಾಸಾಯನಿಕದ ಮೇಲೆ ಯಾವ ಹೊಸ ಕಟ್ಟಳೆ ಬಂದಿದೆ ಎಂಬ ಮಾತು ಮಾತ್ರ ಬರುವುದೇ ಇಲ್ಲ. ಅದು ರಫ್ತು ವರ್ತಕರು ನೋಡಿಕೊಳ್ಳಬೇಕಾದ ವಿಷಯ, ಎರಡು ಮೂರು ಎಕರೆಯ ನಮಗೂ ಅದಕ್ಕೂ ಏನು ಸಂಬಂಧ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಈ ಭಾವನೆಯನ್ನು ಇಟ್ಟುಕೊಂಡು ಇನ್ನು ಮುಂದೆ ತೋಟ ನಡೆಸುವುದು ಕಷ್ಟವೆಂದು ನಾವು ಹೇಳಬೇಕಾಗಿದೆ.

ನಮ್ಮ ದೇಶದ ಕಾಫಿಯಲ್ಲಿ ಬಹುಪಾಲು ಹೊರದೇಶಗಳಿಗೆ ಹೋಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ನಮ್ಮ ಹಳೆಯ ಗಿರಾಕಿಗಳು. ಅಡಿಕೆ ತೋಟದ ಹಾಳೆಯಿಂದ ಮಾಡಿದ ತಟ್ಟೆಗಳೂ ಕಡಲು ದಾಟುತ್ತಿವೆ. ಅಡಿಕೆಯ ನಡುವೆ ಬೆಳೆದ ಕೋಕೋ ಚಾಕೊಲೇಟಾಗುತ್ತದೆ. ಕೊಳ್ಳುವವನ ದೇಶದಲ್ಲಿ ಕಾನೂನು ಬದಲಾದರೆ ಅದರ ಬಿಸಿ ಮೊದಲು ಹಡಗಿಗೆ, ಆಮೇಲೆ ಕ್ಯೂರಿಂಗ್ ವರ್ಕ್ಸಿಗೆ, ಕೊನೆಗೆ ನಮ್ಮ ಕಣಕ್ಕೆ ತಟ್ಟುತ್ತದೆ. ಬಿಸಿ ತಟ್ಟುವ ಮೊದಲೇ ಸುದ್ದಿ ತಟ್ಟಬೇಕು ಎಂಬುದೇ ನಮ್ಮ ವಾದ.

ಕಾಫಿ ಪೂಲ್ ಪದ್ಧತಿ ಇದ್ದ ಕಾಲದ ಮಾತು ಬೇರೆ. ಆಗ ಬೆಳೆಗಾರನು ಕಾಫಿಯನ್ನು ಪೂಲ್‌ಗೆ ಒಪ್ಪಿಸಿ ರಸೀತಿ ಪಡೆದು ಮನೆಗೆ ಬರುತ್ತಿದ್ದ. ಹೊರದೇಶದ ಗಿರಾಕಿಯ ದೂರು, ದುಮ್ಮಾನ ಎಲ್ಲವೂ ಕಾಫಿ ಬೋರ್ಡಿನ ಮೇಜಿಗೆ ಬರುತ್ತಿದ್ದವು. 1996ರ ಹೊತ್ತಿಗೆ ಆ ಪದ್ಧತಿ ಮುಗಿದು, ಪ್ರತಿಯೊಬ್ಬ ಬೆಳೆಗಾರನೂ ತನ್ನ ಕಾಫಿಯನ್ನು ತಾನೇ ಮಾರುವ ಸ್ವಾತಂತ್ರ್ಯ ಪಡೆದ. ಸ್ವಾತಂತ್ರ್ಯದೊಡನೆ ಹೊಣೆಯೂ ಬಂತು. ಮಾರುವ ಹಕ್ಕು ತೋಟದ ಬಾಗಿಲಿಗೆ ಬಂದಿತು, ಮಾರುಕಟ್ಟೆಯ ತಿಳುವಳಿಕೆ ಮಾತ್ರ ನಗರದ ಕಚೇರಿಗಳಲ್ಲೇ ಉಳಿಯಿತು. ಈ ಅಂತರವನ್ನು ತುಂಬದೆ ಸಣ್ಣ ಬೆಳೆಗಾರನಿಗೆ ನೆಮ್ಮದಿಯಿಲ್ಲ.

ಕಟ್ಟಳೆಗಳು ಯಾವುವು?

ಯೂರೋಪಿನ ಕಾನೂನು ಎಂದೊಡನೆ ಅದು ಒಂದೇ ದೊಡ್ಡ ಪುಸ್ತಕವೆಂದು ತಿಳಿಯಬೇಕಾಗಿಲ್ಲ. ನಮಗೆ ಸಂಬಂಧಿಸಿದಂತೆ ಅದನ್ನು ಮೂರು ಕಂತೆಗಳಾಗಿ ವಿಂಗಡಿಸಬಹುದು.

ಮೊದಲನೆಯದು, ಆಹಾರದಲ್ಲಿ ಉಳಿಯುವ ಕೀಟನಾಶಕದ ಅಂಶಕ್ಕೆ ಮಿತಿ. ಒಕ್ಕೂಟದ ಎಲ್ಲ ದೇಶಗಳಿಗೂ ಒಂದೇ ಮಿತಿ ಎಂಬ ವ್ಯವಸ್ಥೆ 2008ರ ಸೆಪ್ಟೆಂಬರಿನಿಂದ ನಡೆದುಬಂದಿದೆ. ಒಂದು ಔಷಧಕ್ಕೆ ಪ್ರತ್ಯೇಕ ಮಿತಿಯನ್ನು ಗೊತ್ತುಮಾಡದಿದ್ದರೆ ಕಿಲೋ ಒಂದಕ್ಕೆ 0.01 ಮಿಲಿಗ್ರಾಂ ಎಂಬ ಸಾಮಾನ್ಯ ಮಿತಿ ಅನ್ವಯಿಸುತ್ತದೆ. ಇದು ಎಷ್ಟು ಎಂದು ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಹತ್ತು ಟನ್ ಕಾಫಿ ಹೊತ್ತ ಒಂದು ಲಾರಿಯಲ್ಲಿ ಒಂದು ಗ್ರಾಮಿನ ಹತ್ತರಲ್ಲಿ ಒಂದು ಪಾಲು ಮಾತ್ರ. ನಾಲ್ಕು ಜನ ಬೆಳೆಗಾರರ ಕಾಫಿ ಬೆರೆತ ಲಾಟಿನಲ್ಲಿ ಒಬ್ಬನ ಕಾಫಿಯಲ್ಲಿ ಅಂಶ ಹೆಚ್ಚಾಗಿದ್ದರೂ ಇಡೀ ಲಾಟು ಕೆಡಬಹುದು.

ಎರಡನೆಯದು, ಯಾರೂ ಸಿಂಪಡಿಸದಿದ್ದರೂ ಪದಾರ್ಥದೊಳಗೆ ಬಂದು ಸೇರುವ ವಿಷಗಳಿಗೆ ಮಿತಿ. ಬೂಷ್ಟಿನಿಂದ ಹುಟ್ಟುವ ವಿಷ, ಮಣ್ಣಿನಿಂದ ಬರುವ ಲೋಹ ಇವು ಇಲ್ಲಿ ಸೇರುತ್ತವೆ.

ಮೂರನೆಯದು, ಆಹಾರವಲ್ಲದ ವಸ್ತುಗಳಲ್ಲಿ ಬಳಸುವ ರಾಸಾಯನಿಕಗಳ ಕಾನೂನು. ಇದಕ್ಕೆ 'ರೀಚ್' ಎಂದು ಹೆಸರು. 2007ರ ಜೂನ್ 1ರಂದು ಜಾರಿಗೆ ಬಂದ ಈ ಕಾನೂನನ್ನು ಫಿನ್ಲೆಂಡಿನ ಹೆಲ್ಸಿಂಕಿ ನಗರದಲ್ಲಿರುವ ಸಂಸ್ಥೆಯೊಂದು ನೋಡಿಕೊಳ್ಳುತ್ತದೆ. ವರ್ಷಕ್ಕೆ ಒಂದು ಟನ್ ಅಥವಾ ಅದಕ್ಕಿಂತ ಹೆಚ್ಚು ರಾಸಾಯನಿಕವನ್ನು ಅಲ್ಲಿ ತಯಾರಿಸುವವರು ಇಲ್ಲವೇ ಆಮದು ಮಾಡುವವರು ಅದರ ಗುಣಾವಗುಣಗಳ ವಿವರ ಕೊಟ್ಟು ನೋಂದಾಯಿಸಬೇಕು. ವಿವರ ಇಲ್ಲದಿದ್ದರೆ ಮಾರಾಟವೂ ಇಲ್ಲ. ಬಹಳ ಅಪಾಯಕಾರಿ ಎಂದು ಕಂಡ ವಸ್ತುಗಳ ಪಟ್ಟಿಯೊಂದು ಇದರಡಿ ಇದೆ. 2008ರ ಅಕ್ಟೋಬರಿನಲ್ಲಿ ಮೊದಲು ಪ್ರಕಟವಾದಾಗ ಅದರಲ್ಲಿ 15 ಹೆಸರುಗಳಿದ್ದವು. 2025ರ ಹೊತ್ತಿಗೆ ಅವು 250ಕ್ಕೆ ಮುಟ್ಟಿವೆ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಈ ಪಟ್ಟಿ ಬೆಳೆಯುತ್ತದೆ.

ಈ ಮೂರನೆಯ ಕಾನೂನಿನ ಒಂದು ವಿಧಿಯನ್ನು ಬೆಳೆಗಾರ ಬಂಧುಗಳು ವಿಶೇಷವಾಗಿ ಗಮನಿಸಬೇಕು. ಪಟ್ಟಿಯಲ್ಲಿರುವ ವಸ್ತು ಒಂದು ಸಾಮಾನಿನಲ್ಲಿ ನೂರಕ್ಕೆ 0.1 ಪಾಲಿಗಿಂತ ಹೆಚ್ಚಾಗಿದ್ದರೆ, ಮಾರುವವನು ಆ ಸಂಗತಿಯನ್ನು ಕೊಳ್ಳುವ ವ್ಯಾಪಾರಿಗೆ ತಿಳಿಸಲೇಬೇಕು. ಸಾಮಾನ್ಯ ಗ್ರಾಹಕನು ಕೇಳಿದರೆ 45 ದಿನಗಳೊಳಗೆ ಹಣ ಪಡೆಯದೆ ಉತ್ತರ ಕೊಡಬೇಕು. ಅಂದರೆ ಸರಕಿನೊಡನೆ ಸುದ್ದಿಯೂ ಕೈಯಿಂದ ಕೈಗೆ ಸಾಗಬೇಕೆಂದು ಅಲ್ಲಿ ಕಾನೂನೇ ಹೇಳಿದೆ. ನಮ್ಮಲ್ಲಿ ಸರಕು ತೋಟದಿಂದ ಬಂದರಿಗೆ ಹೋಗುತ್ತದೆ, ಸುದ್ದಿ ಬಂದರಿನಿಂದ ತೋಟಕ್ಕೆ ಬರುವುದಿಲ್ಲ. ನಮ್ಮ ವ್ಯವಸ್ಥೆಯ ದೊಡ್ಡ ಕೊರತೆ ಇದೇ.

ಒಂದು ಔಷಧದ ಕತೆ

ಸುದ್ದಿ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಕ್ಲೋರ್‌ಪೈರಿಫಾಸ್ ಔಷಧದ ಕತೆಯೇ ಸಾಕು. ನಮ್ಮ ಹಿರಿಯರಿಗೆ ಅರೇಬಿಕಾ ಕಾಂಡಕ್ಕೆ ಲಿಂಡೇನ್ ಬಳಿದದ್ದು ನೆನಪಿರಬಹುದು. ಬಿಳಿ ಕಾಂಡಕೊರಕಕ್ಕೆ ಅದೇ ಮದ್ದು ಎಂದು ಬಹುಕಾಲ ನಂಬಿಕೊಂಡಿದ್ದೆವು. 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಲಿಂಡೇನ್ ಸೇರಿತು. ನಮ್ಮ ದೇಶದಲ್ಲಿ 2011ರಲ್ಲಿ ಅದರ ತಯಾರಿಕೆಯೂ 2013ರಲ್ಲಿ ಬಳಕೆಯೂ ನಿಂತವು. ಕಾಯಿಕೊರಕಕ್ಕೆ ಬಳಸುತ್ತಿದ್ದ ಎಂಡೋಸಲ್ಫಾನ್ 2011ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ನಿಂತಿತು. ಇವೆರಡೂ ಹೋದ ಮೇಲೆ ಕಾಫಿ ತೋಟದ ಕೊರಕಗಳಿಗೆಲ್ಲ ಕ್ಲೋರ್‌ಪೈರಿಫಾಸ್ ಎಂಬಂತಾಯಿತು.

ಈಗ ತಾರೀಖುಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡೋಣ. 2019ರ ಆಗಸ್ಟ್ ಮೊದಲ ವಾರದಲ್ಲಿ ಇಟಲಿಯ ಪಾರ್ಮಾದಲ್ಲಿರುವ ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ ತನ್ನ ಅಭಿಪ್ರಾಯವನ್ನು ಪ್ರಕಟಿಸಿತು. ಈ ಔಷಧದಿಂದ ಮಕ್ಕಳ ನರಮಂಡಲಕ್ಕೆ ಆಗಬಹುದಾದ ಹಾನಿಯ ಕುರಿತು ಆತಂಕವಿದೆ, ಇಷ್ಟು ಪ್ರಮಾಣ ಸುರಕ್ಷಿತ ಎಂದು ಹೇಳುವಂತಿಲ್ಲ ಎಂಬುದು ಅದರ ಸಾರಾಂಶ. 2020ರ ಜನವರಿ 10ರಂದು ಅಲ್ಲಿ ಈ ಔಷಧದ ಅನುಮತಿಯನ್ನು ನವೀಕರಿಸುವುದಿಲ್ಲವೆಂದು ನಿರ್ಧಾರವಾಯಿತು. ಅದೇ ವರ್ಷ ಜುಲೈ ಕೊನೆಯಲ್ಲಿ, ಆಹಾರ ಪದಾರ್ಥಗಳಲ್ಲಿ ಅದರ ಮಿತಿಯನ್ನು ಕಿಲೋಗೆ 0.01 ಮಿಲಿಗ್ರಾಂಗೆ ಇಳಿಸಿದ ಕಟ್ಟಳೆ ಪ್ರಕಟವಾಯಿತು. ನವೆಂಬರ್ 13ರಿಂದ ಅದು ಜಾರಿ. ಜುಲೈನಿಂದ ನವೆಂಬರ್‌ಗೆ ನಾಲ್ಕು ತಿಂಗಳೂ ತುಂಬಲಿಲ್ಲ.

ನಮ್ಮ ತೋಟದ ಪಂಚಾಂಗವನ್ನು ಇದರ ಪಕ್ಕಕ್ಕೆ ಇಡಿ. ಕಾಂಡಕೊರಕದ ದುಂಬಿ ಹಾರುವುದು ಏಪ್ರಿಲ್–ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಮತ್ತೊಮ್ಮೆ. ಕಾಯಿಕೊರಕಕ್ಕೆ ಮದ್ದು ಹೊಡೆಯುವುದು ಕಾಯಿ ಬಲಿಯುವ ಮಳೆಗಾಲದ ಸುಮಾರಿಗೆ. ಜುಲೈ ಕೊನೆಯ ಕಟ್ಟಳೆಯನ್ನು ಮಾತ್ರ ನಂಬಿ ಕುಳಿತವನಿಗೆ ಆ ವರ್ಷದ ಔಷಧ ಆಗಲೇ ತೋಟ ಸೇರಿಯಾಗಿತ್ತು. ಕೊಯ್ಲು ಶುರುವಾಗುವ ಹೊತ್ತಿಗೆ ಕಟ್ಟಳೆಯೂ ಜಾರಿಗೆ ಬಂತು. ಹಿಂದಿನ ವರ್ಷದ ಆಗಸ್ಟಿನ ಸುದ್ದಿಯನ್ನೇ ತಿಳಿದವನಿಗಾದರೆ ಏಪ್ರಿಲ್‌ಗೆ ಮುಂಚೆ ಎಂಟು ತಿಂಗಳ ಕಾಲಾವಕಾಶವಿತ್ತು. ಬೇರೆ ದಾರಿ ಹುಡುಕಲು, ಕಾಂಡ ಉಜ್ಜಿಸಲು, ಬಲೆಗಳನ್ನು ತರಿಸಲು ಎಂಟು ತಿಂಗಳು ಸಾಲದೇ?

ಸುದ್ದಿ ಇತ್ತು. ಗುಟ್ಟಾಗಿಯೂ ಇರಲಿಲ್ಲ. ಪಾರ್ಮಾದ ಸಂಸ್ಥೆ ತನ್ನ ಅಭಿಪ್ರಾಯವನ್ನು ಎಲ್ಲರೂ ಓದುವಂತೆ ಪ್ರಕಟಿಸುತ್ತದೆ. ಆದರೆ ಅದು ಇಂಗ್ಲಿಷಿನಲ್ಲಿತ್ತು, ವಿಜ್ಞಾನಿಗಳ ಭಾಷೆಯಲ್ಲಿತ್ತು. ಅದನ್ನು ಓದಿ, "ಅಯ್ಯಾ, ಬರುವ ಬೇಸಿಗೆಗೆ ಈ ಬಾಟಲಿ ಕೊಳ್ಳಬೇಡಿ" ಎಂದು ಕನ್ನಡದಲ್ಲಿ ಹೇಳಬೇಕಾಗಿದ್ದ ಕೊಂಡಿ ನಮ್ಮಲ್ಲಿ ಎಷ್ಟು ಊರುಗಳಲ್ಲಿತ್ತು? ಯೂರೋಪು ಅದನ್ನು ಕೈಬಿಟ್ಟಾಗ ನಮ್ಮ ದೇಶದಲ್ಲಿ ಅದರ ಮಾರಾಟ ನಿಂತಿರಲಿಲ್ಲ. ಅಂಗಡಿಯವನು ಮಾರಿದ, ಬೆಳೆಗಾರ ಕೊಂಡ. ಇಬ್ಬರೂ ಇಲ್ಲಿಯ ಕಾನೂನಿಗೆ ತಪ್ಪಿ ನಡೆಯಲಿಲ್ಲ. ಆದರೂ ಕಾಫಿ ಅಲ್ಲಿಯ ಪರೀಕ್ಷೆಯಲ್ಲಿ ಬಿದ್ದರೆ ನಷ್ಟ ಯಾರಿಗೆ? 2025ರಲ್ಲಿ ಇದೇ ಔಷಧವನ್ನು ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೂ ಸೇರಿಸಲಾಯಿತು, ಕೆಲವು ಬಳಕೆಗಳಿಗೆ ಮಾತ್ರ ವಿನಾಯಿತಿ ಇಟ್ಟು. ಲಿಂಡೇನ್ ನಡೆದ ದಾರಿಯಲ್ಲೇ ಇದೂ ನಡೆಯುತ್ತಿದೆ ಎಂಬುದು ಸ್ಪಷ್ಟ.

ಬದಲಿ ದಾರಿಗಳು ಇಲ್ಲವೆಂದಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಬಹುಕಾಲದಿಂದ ಹೇಳುತ್ತ ಬಂದಿರುವುದು ಇದನ್ನೇ: ದುಂಬಿ ಹಾರುವ ಮೊದಲು ಕಾಂಡದ ಸಡಿಲ ತೊಗಟೆಯನ್ನು ಉಜ್ಜಿ ತೆಗೆಯುವುದು, ಸುಣ್ಣದ ತಿಳಿಯನ್ನು ಕಾಂಡಕ್ಕೆ ಬಳಿಯುವುದು, ಆಕರ್ಷಕ ಬಲೆ ಕಟ್ಟುವುದು, ನೆರಳನ್ನು ಕಾಯ್ದುಕೊಳ್ಳುವುದು, ಕೊರಕ ಹೊಕ್ಕ ಗಿಡವನ್ನು ಕಿತ್ತು ಸುಡುವುದು. ಕಾಯಿಕೊರಕಕ್ಕಾದರೆ ಗಿಡದಲ್ಲಿ ಒಂದು ಕಾಯಿಯೂ ಉಳಿಯದಂತೆ ಶುಚಿಯಾಗಿ ಕೊಯ್ಯುವುದು, ಉದುರಿದ್ದನ್ನು ಆರಿಸುವುದು, ಹುಳು ಹಿಡಿದ ಹಣ್ಣನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆಯುವುದು. ಇವೆಲ್ಲ ಆಳು ಬೇಡುವ ಕೆಲಸಗಳು. ಆಳಿಗೆ ಮೊದಲೇ ಹೇಳಬೇಕು, ಹಣ ಹೊಂದಿಸಬೇಕು. ಬಾಟಲಿಯನ್ನು ಸಂತೆಯ ದಿನ ತರಬಹುದು, ಉಜ್ಜುವ ಆಳನ್ನು ತರಲಾಗದು. ಆದುದರಿಂದಲೇ ಸುದ್ದಿ ಬೇಗ ಬರಬೇಕೆನ್ನುತ್ತೇವೆ.

ಔಷಧವಿಲ್ಲದ ವಿಷ

ಎರಡನೆಯ ಕಂತೆಯ ಕಟ್ಟಳೆಗಳಲ್ಲಿ ಕಾಫಿಗೆ ಮುಖ್ಯವಾದುದು ಓಕ್ರಟಾಕ್ಸಿನ್ ಎಂಬ ಬೂಷ್ಟಿನ ವಿಷ. ಹುರಿದ ಕಾಫಿಯಲ್ಲಿ ಕಿಲೋಗೆ 5 ಮೈಕ್ರೋಗ್ರಾಂಗಿಂತ ಹೆಚ್ಚು ಇರಕೂಡದೆಂದು ಯೂರೋಪು 2005ರಲ್ಲಿ ಗೊತ್ತುಮಾಡಿತ್ತು. 2023ರ ಜನವರಿ 1ರಿಂದ ಅದನ್ನು 3ಕ್ಕೆ ಇಳಿಸಲಾಗಿದೆ. ಒಂದು ಮಿಲಿಗ್ರಾಂನ ಸಾವಿರದಲ್ಲಿ ಒಂದು ಪಾಲಿಗೆ ಮೈಕ್ರೋಗ್ರಾಂ ಎಂದು ಹೆಸರು. ಈ ವಿಷ ಯಾವ ಅಂಗಡಿಯಲ್ಲಿಯೂ ಸಿಕ್ಕುವುದಿಲ್ಲ. ಒದ್ದೆ ಹಣ್ಣನ್ನು ರಾಶಿ ಹಾಕಿ ಎರಡು ದಿನ ಬಿಟ್ಟರೆ, ಮಣ್ಣಿನ ನೆಲದಲ್ಲಿ ದಪ್ಪಗೆ ಹರಡಿದರೆ, ಕೊಯ್ಲಿನ ಹೊತ್ತಿಗೆ ಬಿದ್ದ ಅಕಾಲದ ಮಳೆಗೆ ಕಣದ ಕಾಫಿಯನ್ನು ಮುಚ್ಚದಿದ್ದರೆ, ಪೂರ್ತಿ ಒಣಗುವ ಮೊದಲೇ ಚೀಲ ತುಂಬಿದರೆ ಬೂಷ್ಟು ತಾನೇ ಬರುತ್ತದೆ. ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಟ್ಟ ಬೀಜವನ್ನು ಆರಿಸಿ ತೆಗೆದು ಅಪಾಯವನ್ನು ಕಡಿಮೆ ಮಾಡಬಹುದು, ಒಳಗೆ ಸೇರಿದ ವಿಷವನ್ನು ತೊಳೆದು ಕಳೆಯಲು ಬರುವುದಿಲ್ಲ. ಅಂದ ಮೇಲೆ ಈ ಕಟ್ಟಳೆಯನ್ನು ಪಾಲಿಸುವ ಶಕ್ತಿ ಇರುವುದು ಕಣದಲ್ಲಿ. ಐದು ಮೂರಾದ ಸುದ್ದಿ ಮಾತ್ರ ಕಣಕ್ಕೆ ಬಾರದೆ ಕಚೇರಿಯ ಕಡತದಲ್ಲಿದ್ದರೆ ಯಾರಿಗೆ ಉಪಯೋಗ?

ಕೋಕೋ ವಿಷಯದಲ್ಲಿ ಬೇರೊಂದು ಬಗೆಯ ಉದಾಹರಣೆ ಇದೆ. ಚಾಕೊಲೇಟಿನಲ್ಲಿ ಕ್ಯಾಡ್ಮಿಯಂ ಎಂಬ ಲೋಹಕ್ಕೆ ಮಿತಿ ಹಾಕುವ ಕಟ್ಟಳೆಯನ್ನು ಯೂರೋಪು 2014ರ ಮೇ ತಿಂಗಳಲ್ಲಿ ಹೊರಡಿಸಿ, 2019ರ ಜನವರಿ 1ರಿಂದ ಜಾರಿ ಎಂದಿತು. ಕೋಕೋ ಗಿಡ ಹಠಾತ್ತನೆ ಗುಣ ಬದಲಿಸುವುದಿಲ್ಲ, ಮಣ್ಣಿನಿಂದ ಹೀರಿದ್ದು ಬೀಜಕ್ಕೆ ಬರುತ್ತದೆ ಎಂಬುದನ್ನು ಅರಿತು ನಾಲ್ಕೂವರೆ ವರ್ಷ ಅವಕಾಶ ಕೊಟ್ಟರು. ಕೆಲವು ಕಟ್ಟಳೆಗಳು ಹೀಗೆ ವರ್ಷಗಟ್ಟಲೆ ಮೊದಲೇ ಹೇಳಿ ಬರುತ್ತವೆ, ಕೆಲವು ನಾಲ್ಕು ತಿಂಗಳಲ್ಲಿ ಬಾಗಿಲಿಗೆ ಬರುತ್ತವೆ. ಯಾವುದು ಯಾವ ಬಗೆಯದು ಎಂದು ತಿಳಿದವನೇ ಬುದ್ಧಿವಂತ.

ಹಾಳೆ ತಟ್ಟೆ, ಪೊಟ್ಟಣ, ಗೋಣಿಚೀಲ

ಅಡಿಕೆ ಬೆಳೆಗಾರರಲ್ಲಿ ಅನೇಕರು ಈಗ ಹಾಳೆ ತಟ್ಟೆಯ ಘಟಕಗಳಿಗೆ ಹಾಳೆ ಕೊಡುತ್ತಾರೆ. ಕೆಲವರು ತಾವೇ ಒಂದೆರಡು ಯಂತ್ರ ಇಟ್ಟು ಘಟಕ ನಡೆಸುತ್ತಾರೆ. 2021ರ ಜುಲೈ 3ರಿಂದ ಯೂರೋಪಿನಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆಗಳಿಗೆ ನಿಷೇಧ ಬಂದಾಗ ಹಾಳೆ ತಟ್ಟೆಗೆ ಒಂದು ಬಾಗಿಲು ತೆರೆಯಿತು. ಆದರೆ ಅದೇ ವರ್ಷ ಅಲ್ಲಿ ಇನ್ನೊಂದು ಘಟನೆಯೂ ನಡೆಯಿತು. ಬಿದಿರಿನ ಪುಡಿ ಬೆರೆಸಿದ ಪ್ಲಾಸ್ಟಿಕ್ ತಟ್ಟೆ, ಲೋಟಗಳನ್ನು 'ಪ್ರಕೃತಿಯ ಕೊಡುಗೆ' ಎಂಬಂತೆ ಮಾರುತ್ತಿದ್ದವರ ಮೇಲೆ ಒಕ್ಕೂಟದ ದೇಶಗಳು ಒಟ್ಟಾಗಿ ತಪಾಸಣೆ ನಡೆಸಿದವು. ಪ್ಲಾಸ್ಟಿಕ್‌ಗೆ ಬಿದಿರಿನ ಪುಡಿ ಬೆರೆಸಲು ಅಲ್ಲಿ ಅನುಮತಿಯೇ ಇರಲಿಲ್ಲ. ಗಿಡದಿಂದ ಬಂದದ್ದೆಂದ ಮಾತ್ರಕ್ಕೆ ಆಹಾರ ಮುಟ್ಟುವ ವಸ್ತು ಕಾನೂನಿನ ಪರೀಕ್ಷೆಯಿಂದ ಪಾರಾಗುವುದಿಲ್ಲ ಎಂಬ ಪಾಠ ಇದರಲ್ಲಿದೆ. 2025ರ ಮೇ ತಿಂಗಳಲ್ಲಿ ಅಮೆರಿಕೆಯ ಆಹಾರ ಮತ್ತು ಔಷಧ ಆಡಳಿತವು ಅಡಿಕೆಯ ಸಹಜ ಕ್ಷಾರಾಂಶಗಳು ಹಾಳೆ ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂಬ ಕಾರಣ ಕೊಟ್ಟು, ಅವನ್ನು ಊಟಕ್ಕೆ ಬಳಸಕೂಡದೆಂದು ಹೇಳಿತು. ಅಮೆರಿಕೆ ಯೂರೋಪಲ್ಲ, ನಿಜ. ಆದರೆ ಒಂದು ಕಡೆ ಎದ್ದ ಪ್ರಶ್ನೆ ಇನ್ನೊಂದು ಕಡೆ ಏಳಲಾರದೆಂದು ಸುಮ್ಮನಿರುವುದು ವಿವೇಕವಲ್ಲ. ಉತ್ತರಕ್ಕೆ ಬೇಕಾದ ಪರೀಕ್ಷೆಗಳನ್ನು ಮೊದಲೇ ಮಾಡಿಸಿ ಇಟ್ಟುಕೊಳ್ಳಬೇಕು.

ತಟ್ಟೆಗಿಂತ ಸಣ್ಣದಾದ ವಸ್ತುವೂ ತೊಂದರೆ ತರಬಲ್ಲದು. ಮಳೆಗಾಲದಲ್ಲಿ ತಟ್ಟೆಗೆ ಬೂಷ್ಟು ಹಿಡಿಯದಿರಲೆಂದು ಪೆಟ್ಟಿಗೆಯಲ್ಲಿ ತೇವ ಹೀರುವ ಸಣ್ಣ ಪೊಟ್ಟಣ ಹಾಕುವುದುಂಟು. ತೇವ ಹಿಡಿದರೆ ನೀಲಿಯಿಂದ ನಸುಗೆಂಪಿಗೆ ತಿರುಗುವ ಹರಳುಗಳಲ್ಲಿ ಬಣ್ಣಕ್ಕಾಗಿ ಕೋಬಾಲ್ಟ್ ಕ್ಲೋರೈಡ್ ಬಳಸುವುದು ಹಳೆಯ ರೂಢಿ. ಹೆಲ್ಸಿಂಕಿಯ ಮೊದಲ ಪಟ್ಟಿಯ 15 ಹೆಸರುಗಳಲ್ಲಿ ಅದೂ ಒಂದು. ಸೋಫಾ, ಪಾದರಕ್ಷೆಗಳ ಪೆಟ್ಟಿಗೆಗಳಲ್ಲಿ ಬೂಷ್ಟು ತಡೆಯಲು ಇಟ್ಟ ಡೈಮೀಥೈಲ್ ಫ್ಯೂಮರೇಟ್ ಪೊಟ್ಟಣಗಳಿಂದ ಯೂರೋಪಿನಲ್ಲಿ ಅನೇಕರ ಚರ್ಮ ಸುಟ್ಟಂತಾಗಿ, 2009ರಲ್ಲಿ ಅಂತಹ ಸಾಮಾನುಗಳನ್ನೇ ನಿಷೇಧಿಸಲಾಯಿತು. ತಟ್ಟೆ ಎಷ್ಟೇ ಶುದ್ಧವಾಗಿರಲಿ, ಎರಡು ರೂಪಾಯಿಯ ಪೊಟ್ಟಣದಿಂದ ಇಡೀ ಸರಕಿಗೆ ಕಳಂಕ ಬರಬಹುದು. ಪೊಟ್ಟಣ ಮಾರುವವನನ್ನು "ಇದರೊಳಗೆ ಏನಿದೆ, ಬರೆದು ಕೊಡಿ" ಎಂದು ಕೇಳಲು ಘಟಕದವನಿಗೆ ತಿಳುವಳಿಕೆ ಬೇಕು. ಹಾಗೆಯೇ ಹಾಳೆ ಕೊಡುವ ನಾವೂ ತೋಟಕ್ಕೆ ಯಾವಾಗ, ಯಾವ ಮದ್ದು ಹೊಡೆದಿದ್ದೇವೆ ಎಂಬುದನ್ನು ಘಟಕದವನಿಗೆ ತಿಳಿಸಬೇಕು. ಬೋರ್ಡೋ ಬಿದ್ದ ಹಾಳೆಯನ್ನು ಚೆನ್ನಾಗಿ ತೊಳೆಯಬೇಕೆಂದು ಅವನಿಗೆ ಗೊತ್ತಾಗುವುದು ನಾವು ಹೇಳಿದರೆ ತಾನೇ?

ಮಾಹಿತಿ ತಯಾರಕರನ್ನು ಮುಟ್ಟಿದರೆ ಎಷ್ಟು ಒಳಿತಾಗುತ್ತದೆ ಎಂಬುದಕ್ಕೆ ಗೋಣಿಚೀಲವೇ ಸಾಕ್ಷಿ. ಸೆಣಬನ್ನು ಮೆದು ಮಾಡಲು ಗಿರಣಿಗಳು ಖನಿಜ ತೈಲ ಬಳಸುತ್ತಿದ್ದವು. ಆ ತೈಲದ ವಾಸನೆ ಮತ್ತು ಅಂಶ ಚೀಲದೊಳಗಿನ ಕಾಫಿ, ಕೋಕೋ ಬೀಜಗಳಿಗೆ ಇಳಿಯುತ್ತದೆಂದು ಯೂರೋಪಿನ ಖರೀದಿದಾರರು ತಕರಾರೆತ್ತಿದರು. ಅಂತಾರಾಷ್ಟ್ರೀಯ ಸೆಣಬು ಸಂಸ್ಥೆ 1998ರಲ್ಲಿ ಆಹಾರ ತುಂಬುವ ಚೀಲಗಳಿಗೆಂದೇ ಒಂದು ಮಾನದಂಡ ಗೊತ್ತುಮಾಡಿತು. ಗಿರಣಿಗಳು ಅಂತಹ ಚೀಲಗಳಿಗೆ ಅಕ್ಕಿ ತೌಡಿನ ಎಣ್ಣೆಯಂತಹ ಸಸ್ಯ ತೈಲಗಳನ್ನು ಬಳಸತೊಡಗಿದವು. ಚೀಲ ಉಳಿಯಿತು, ಸೆಣಬೂ ಉಳಿಯಿತು. ತಕರಾರು ಏನೆಂದು ತಯಾರಕನಿಗೆ ತಿಳಿದುದರಿಂದ ಮಾತ್ರ ಇದು ಸಾಧ್ಯವಾಯಿತು.

ಇದು ಯೂರೋಪಿನವರ ಹೂಟವೇ?

"ಇವೆಲ್ಲ ನಮ್ಮ ಸರಕನ್ನು ತಡೆಯಲು ಅವರು ಹೂಡಿದ ಉಪಾಯ" ಎಂದು ಹೇಳುವವರಿದ್ದಾರೆ. ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ. ತಮ್ಮ ಹೊಲಗಳಲ್ಲಿ ಬಳಸಲು ಅನುಮತಿಯಿಲ್ಲದ ಔಷಧಗಳನ್ನು ಯೂರೋಪಿನ ಕಾರ್ಖಾನೆಗಳು ಹೊರದೇಶಗಳಿಗೆ ಮಾರುತ್ತ ಬಂದಿವೆ. ಅಂತಹ ರಫ್ತಿಗೆ ಮುಂಚಿತವಾಗಿ ತಿಳಿಸಬೇಕೆಂಬ ನಿಯಮವಿದೆ, ಅಷ್ಟೇ. ಫ್ರಾನ್ಸ್ ದೇಶ 2022ರಿಂದ ಅಂತಹ ಕೀಟನಾಶಕಗಳ ತಯಾರಿಕೆ ಮತ್ತು ರಫ್ತಿಗೆ ತಡೆ ಹಾಕಿತು. ಬಾಟಲಿಯನ್ನು ಮಾರಿ, ಆ ಬಾಟಲಿಯಿಂದ ಬೆಳೆದ ಬೆಳೆಯನ್ನು ತಿರಸ್ಕರಿಸುವುದು ನ್ಯಾಯವಲ್ಲ. ಇದನ್ನು ನಾವು ಗಟ್ಟಿಯಾಗಿಯೇ ಹೇಳಬೇಕು.

ಆದರೆ ಕಟ್ಟಳೆಯ ಹಿಂದಿನ ಕಾರಣವೆಲ್ಲ ಸುಳ್ಳೆಂದು ತಿಳಿಯುವುದು ಬೇಡ. ಕಾಫಿ ಕುಡಿಯುವವನ ಬಟ್ಟಲಿಗೆ ಔಷಧದ ಕಣ ಹೋಗುವ ಮೊದಲು ನಮ್ಮ ಆಳಿನ ಕೈ, ಮೂಗು, ಬಾಯಿಗೆ ಹೋಗಿರುತ್ತದೆ. ಬೆನ್ನಿಗೆ ಪಂಪು ಕಟ್ಟಿಕೊಂಡು ಇಳಿಜಾರಿನಲ್ಲಿ ನಡೆಯುವವನು ಕುಡಿಯುವವನಿಗಿಂತ ನೂರು ಪಟ್ಟು ಹೆಚ್ಚು ಹತ್ತಿರದಲ್ಲಿದ್ದಾನೆ. ಎಂಡೋಸಲ್ಫಾನ್ ದಕ್ಷಿಣ ಕನ್ನಡ, ಕಾಸರಗೋಡು ಸೀಮೆಯ ಗೇರು ತೋಟಗಳ ಸುತ್ತಮುತ್ತ ಉಳಿಸಿಹೋದ ದುಃಖವನ್ನು ಯೂರೋಪಿನವರು ಬಂದು ಹೇಳಬೇಕಾಗಿಲ್ಲ. ಅಲ್ಲಿ ಒಂದು ಔಷಧದ ಮೇಲೆ ಸಂಶಯ ಬಂತೆಂದರೆ ಇಲ್ಲಿ ನಮ್ಮ ಮನೆಯವರ, ಆಳುಮಕ್ಕಳ ಆರೋಗ್ಯಕ್ಕೂ ಅದೊಂದು ಎಚ್ಚರಿಕೆ.

ಇನ್ನೊಂದು ಅತಿರೇಕವೂ ಸಲ್ಲದು. ಯೂರೋಪಿನಲ್ಲಿ ಏನೇ ಕಟ್ಟಳೆ ಬಂದರೂ ಇಲ್ಲಿ ಗಾಬರಿಯಾಗಬೇಕಿಲ್ಲ. 2019ರಿಂದ ಅಲ್ಲಿ ತಾಮ್ರದ ಔಷಧಗಳ ಬಳಕೆಯನ್ನು ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರಕ್ಕೆ ಮಿತಿಗೊಳಿಸಿದಾಗ, "ಇನ್ನು ಬೋರ್ಡೋ ಇಲ್ಲ" ಎಂದು ಅರ್ಥ ಮಾಡಿಕೊಂಡರೆ ತಪ್ಪಾದೀತು. ಅದು ಅಲ್ಲಿಯ ಹೊಲದ ಮಣ್ಣನ್ನು ಕಾಯುವ ನಿಯಮ, ನಮ್ಮ ತೋಟದಲ್ಲಿ ಮೈಲುತುತ್ತ ಕರಗಿಸಬೇಡಿರೆಂಬ ಅಪ್ಪಣೆಯಲ್ಲ. ಅಲ್ಲಿಯ ಹೊಲಕ್ಕೆ ಹಾಕಿದ ನಿಯಮ ಯಾವುದು, ಇಲ್ಲಿಂದ ಹೋಗುವ ಸರಕಿಗೆ ಹಾಕಿದ ನಿಯಮ ಯಾವುದು ಎಂದು ಬಿಡಿಸಿ ಹೇಳುವವರು ಇಲ್ಲದಿದ್ದರೆ ಗಾಳಿಮಾತೇ ಕಾನೂನಾಗುತ್ತದೆ. "ಯೂರೋಪಿನಲ್ಲಿ ಕಾನೂನು ಬಿಗಿಯಾಗಿದೆ" ಎಂದು ಬಾಯಿಮಾತಿನಲ್ಲಿ ಹೇಳಿ ಚೀಲಕ್ಕೆ ಇಷ್ಟು ಕಡಿಮೆ ಎಂದರೆ ನಾವು ತಲೆಯಾಡಿಸಿ ಬರಬೇಕಾಗುತ್ತದೆ. ತಿಳುವಳಿಕೆ ಇದ್ದವನು "ಯಾವ ಕಾನೂನು? ಪರೀಕ್ಷೆಯ ಕಾಗದ ಎಲ್ಲಿ?" ಎಂದು ಕೇಳಬಲ್ಲ.

ಆಗಬೇಕಾದ ಕೆಲಸ

ದೂರುವುದು ಸುಲಭ. ನಮ್ಮ ಕೈಯಿಂದಲೇ ಆಗಬಹುದಾದ ಕೆಲವು ಕೆಲಸಗಳನ್ನು ಇಲ್ಲಿ ಸೂಚಿಸುತ್ತೇವೆ.

ಒಂದು: ಪ್ರತಿ ಸಹಕಾರ ಸಂಘವೂ ತನ್ನ ಸಿಬ್ಬಂದಿಯಲ್ಲಿ ಒಬ್ಬರನ್ನು ಈ ಕೆಲಸಕ್ಕೆ ನೇಮಿಸಲಿ. ಕಾಫಿ ಬೋರ್ಡು ಮತ್ತು ತೋಟಗಾರಿಕೆ ಇಲಾಖೆಯಿಂದ, ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಕೇಂದ್ರದಿಂದ ವಿವರ ತರಿಸಿ, ವರ್ಷಕ್ಕೆ ಎರಡು ಸಲ ಒಂದೇ ಪುಟದ ಕನ್ನಡ ತಿಳಿವಳಿಕೆ ಪತ್ರ ಹೊರಡಿಸಲಿ. ಒಂದು ಪತ್ರ ಫೆಬ್ರವರಿಯಲ್ಲಿ ಬರಬೇಕು, ದುಂಬಿ ಹಾರುವ ಮುನ್ನ. ಇನ್ನೊಂದು ಸೆಪ್ಟೆಂಬರಿನಲ್ಲಿ, ಕೊಯ್ಲಿಗೆ ಕಣ ಸಿದ್ಧಪಡಿಸುವ ಮುನ್ನ. ಹಾಲಿನ ಡೈರಿಯಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ ಅದನ್ನು ಅಂಟಿಸಲಿ.

ಎರಡು: ಸಂಘದ ಔಷಧ ಮಳಿಗೆಯಲ್ಲಿ, ರಫ್ತಾಗುವ ಬೆಳೆಗೆ ಸಲ್ಲದ ಔಷಧಗಳನ್ನು ಬೇರೆ ಕಪಾಟಿನಲ್ಲಿಟ್ಟು ಕೆಂಪು ಚೀಟಿ ಹಚ್ಚಲಿ. ಕಟ್ಟಳೆಯನ್ನು ಓದಲಾಗದವನಿಗೂ ಕೆಂಪು ಚೀಟಿ ಕಾಣುತ್ತದೆ.

ಮೂರು: ಪ್ರತಿಯೊಬ್ಬ ಸದಸ್ಯನೂ ಒಂದು ನೋಟ್‌ಪುಸ್ತಕ ಇಡಲಿ. ಯಾವ ತಾರೀಖು, ಯಾವ ಪಟ್ಟೆ, ಯಾವ ಮದ್ದು, ಎಷ್ಟು ಪ್ರಮಾಣ ಎಂದು ನಾಲ್ಕು ಅಂಕಣ ಸಾಕು. ನಾಳೆ ಯಾರಾದರೂ ನಮ್ಮ ಕಾಫಿಯ ಮೇಲೆ ಬೊಟ್ಟು ಮಾಡಿದರೆ ಅದೇ ನಮ್ಮ ಸಾಕ್ಷಿ.

ನಾಲ್ಕು: ಕಾಫಿ ಕೊಳ್ಳುವವರು ರಾಸಾಯನಿಕದ ಕಾರಣ ಹೇಳಿ ಧಾರಣೆ ಕಡಿಮೆ ಮಾಡಿದರೆ ಅಥವಾ ಸರಕು ಒಲ್ಲೆನೆಂದರೆ, ಪರೀಕ್ಷೆಯ ವರದಿಯ ಪ್ರತಿಯನ್ನು ಬೆಳೆಗಾರನಿಗೆ ಕೊಡಲೇಬೇಕೆಂದು ಸಂಘದ ಸರ್ವಸದಸ್ಯರ ಸಭೆಯಲ್ಲಿ ಠರಾವು ಆಗಲಿ. ಯೂರೋಪಿನ ಗ್ರಾಹಕನಿಗೆ 45 ದಿನಗಳಲ್ಲಿ ಉತ್ತರ ಪಡೆಯುವ ಹಕ್ಕಿದೆ. ಬೆಳೆದವನಿಗೆ ಅಷ್ಟೂ ಬೇಡವೇ?

ಐದು: ಹಾಳೆ ತಟ್ಟೆ ಘಟಕದವರು ಪೊಟ್ಟಣ, ಅಂಟು, ಹೊದಿಕೆ ಹಾಳೆ, ರಟ್ಟಿನ ಪೆಟ್ಟಿಗೆ ಕೊಡುವವರಿಂದ ಅದರಲ್ಲೇನಿದೆ ಎಂಬ ಬರಹ ಪಡೆದು ಕಡತದಲ್ಲಿಡಲಿ. ಒಬ್ಬೊಬ್ಬರೇ ಕೇಳಿದರೆ ಕೊಡದವರು, ಸಂಘದ ಮೂಲಕ ಐವತ್ತು ಘಟಕದವರು ಕೇಳಿದರೆ ಕೊಡುತ್ತಾರೆ. ತಟ್ಟೆಯ ಪರೀಕ್ಷೆಯ ಖರ್ಚನ್ನೂ ಹಾಗೆಯೇ ಹಂಚಿಕೊಳ್ಳಬಹುದು.

ಆರು: ಕಟ್ಟಳೆ ಕರಡಿನಲ್ಲಿರುವಾಗಲೇ ನಮ್ಮ ದನಿ ಮುಟ್ಟಬೇಕು. 1995ರಿಂದ ಜಾರಿಯಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದಂತೆ, ಆಹಾರ ಸುರಕ್ಷತೆಯ ಹೊಸ ನಿಯಮದ ಕರಡನ್ನು ಸದಸ್ಯ ದೇಶಗಳಿಗೆ ತಿಳಿಸಿ ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 60 ದಿನ ಕೊಡಬೇಕು. ನಮ್ಮ ಕೊಯ್ಲಿನ ಕಾಲ ಯಾವುದು, ಬದಲಿ ಉಪಾಯಕ್ಕೆ ಎಷ್ಟು ಸಮಯ ಬೇಕು ಎಂಬುದನ್ನು ಆ 60 ದಿನಗಳೊಳಗೆ ಬರೆದು ಕಾಫಿ ಬೋರ್ಡಿನ ಮೂಲಕ ವಾಣಿಜ್ಯ ಸಚಿವಾಲಯಕ್ಕೆ ಮುಟ್ಟಿಸಿದರೆ, ದೇಶದ ಪರವಾಗಿ ಮಾತನಾಡುವವರ ಕೈಗೆ ಒಂದು ಆಧಾರ ಕೊಟ್ಟಂತಾಗುತ್ತದೆ. ಜಾರಿಗೆ ಬಂದ ಮೇಲೆ ಮನವಿ ಕೊಡುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಬಂಡವಾಳ ಬೇಕಿಲ್ಲ. ಒಂದು ಹಾಳೆ ಕಾಗದ, ಒಂದು ಕೆಂಪು ಚೀಟಿ, ಒಂದು ನೋಟ್‌ಪುಸ್ತಕ, ಒಂದು ಠರಾವು ಸಾಕು. ಗೊಬ್ಬರ, ಸುಣ್ಣ, ಮೈಲುತುತ್ತವನ್ನು ಸಕಾಲದಲ್ಲಿ ಒದಗಿಸುವುದು ಸಹಕಾರ ಸಂಘದ ಕರ್ತವ್ಯವೆಂದು ನಾವೆಲ್ಲ ಒಪ್ಪಿದ್ದೇವೆ. ಸಕಾಲದ ಸುದ್ದಿಯನ್ನೂ ಆ ಪಟ್ಟಿಗೆ ಸೇರಿಸಬೇಕಾದ ಕಾಲ ಬಂದಿದೆ. ಮಳೆ ಕೈಕೊಟ್ಟರೆ ನಾವು ಯಾರನ್ನೂ ಕೇಳಲಾರೆವು. ಸುದ್ದಿ ಕೈಕೊಡದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಬರುವ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯವನ್ನು ಎತ್ತಿ, ನಾಲ್ಕನೆಯ ಸೂಚನೆಯ ಠರಾವನ್ನಾದರೂ ಅಂಗೀಕರಿಸಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ.